ದೊಡ್ಡ ಕತ್ತರಿಯ ಬಲಗಣ್ಣು

ಆ ಬೀದಿಯ ಸಲೂನಿನಲ್ಲಿ ಇದ್ದದ್ದು ಎರಡೇ ಕುರ್ಚಿ. ಬಾಗಿಲ ಹತ್ತಿರದ್ದು ಭಾವನದು, ಒಳಗಿನದು ಭಾಮೈದನದು. ಗಿರಾಕಿಗಳು ಭಾವನನ್ನು ದೊಡ್ಡ ಕತ್ತರಿ ಅಂತಲೂ ಭಾಮೈದನನ್ನು ಚಿಕ್ಕ ಕತ್ತರಿ ಅಂತಲೂ ಕರೆಯುತ್ತಿದ್ದರು. ಇದು ವಯಸ್ಸಿಗೆ ಕೊಟ್ಟ ಮರ್ಯಾದೆ ಅಷ್ಟೇ. ಎತ್ತರದಲ್ಲಿ ಚಿಕ್ಕವನು ದೊಡ್ಡವನಿಗಿಂತ ಒಂದು ತಲೆ ಮೇಲಿದ್ದ. ಹೊಸಬರು ಯಾರಾದರೂ ಅವನನ್ನೇ ನೋಡಿ "ದೊಡ್ಡವರು ನೀವೇನಾ?" ಎಂದು ಕೇಳಿದರೆ, "ಸ್ವಲ್ಪ ಕೆಳಗೆ ನೋಡಿ, ಅಲ್ಲಿದ್ದಾರೆ" ಎನ್ನುತ್ತಿದ್ದ. ಭಾವ ಕೇಳಿಸಿಯೂ ಕೇಳಿಸದವನಂತೆ ಚರ್ಮದ ಪಟ್ಟಿಯ ಮೇಲೆ ಕತ್ತಿ ಎಳೆದು ಮಸೆಯುತ್ತಿದ್ದ.

ಅಕ್ಕನ ಮದುವೆಯಾದ ಮೇಲೆ ಅವಳ ಬೆನ್ನು ಹಿಡಿದು ಬಂದವನು ಚಿಕ್ಕ ಕತ್ತರಿ. ಯಾವ ಕೆಲಸವೂ ಕೈಗೆ ಹತ್ತದೆ ಸುಮ್ಮನೆ ಅಲೆಯುತ್ತಿದ್ದ ಹುಡುಗನನ್ನು ಭಾವ ಒಂದು ದಿನ ಅಂಗಡಿಗೆ ಕರೆದುಕೊಂಡು ಬಂದು, ಬಲೂನು ಊದಿ, ಅದಕ್ಕೆ ನೊರೆ ಹಚ್ಚಿ, ಕೈಗೆ ಕತ್ತಿ ಕೊಟ್ಟು "ಬೋಳಿಸು" ಎಂದಿದ್ದ. ಬಲೂನು ಒಡೆದು ಇಬ್ಬರ ಮುಖಕ್ಕೂ ನೊರೆ ಹಾರಿತು. ಇನ್ನೊಂದು ಊದಿದ. ಅದೂ ಒಡೆಯಿತು. ವಾರಗಟ್ಟಲೆ ಅಂಗಡಿಯಲ್ಲಿ ಮಕ್ಕಳ ಪಟಾಕಿ ಸಿಡಿದಂಥ ಸದ್ದು. ದೊಡ್ಡ ಕತ್ತರಿ ಒಂದು ಸಲವೂ ದನಿ ಏರಿಸಲಿಲ್ಲ. ಕೊನೆಗೆ ಒಡೆಯದೆ ಉಳಿದ ಒಂದು ಕೆಂಪು ಬಲೂನನ್ನು ಬಾಗಿಲಿಗೆ ಕಟ್ಟಿ, ಅದು ಮುದುರಿ ಹುಣಸೆಬೀಜದಷ್ಟು ಆಗುವವರೆಗೂ ತೆಗೆಯಲು ಬಿಡಲಿಲ್ಲ.

ಆಮೇಲೆ ಕೆಲಸ ತಾನಾಗಿ ಹಂಚಿಕೆಯಾಯಿತು. ತಲೆಗೂದಲು ಹೆಚ್ಚಾಗಿ ಚಿಕ್ಕವನದು, ಗಡ್ಡ ದೊಡ್ಡವನದು. ದೊಡ್ಡ ಕತ್ತರಿಯ ಕತ್ತಿಯ ಕೆಳಗೆ ಕತ್ತು ಚಾಚಿ ಗೊರಕೆ ಹೊಡೆದವರಿದ್ದರು. ಅವನ ಕೈ ಅಷ್ಟು ಹಗುರ. ಕೈ ಆಡಿದಷ್ಟೂ ಬಾಯಿಯೂ ಆಡುತ್ತಿತ್ತು. ಯಾರ ಮಗಳಿಗೆ ಯಾವ ಹಲ್ಲು ನೋವು, ಯಾರ ಮನೆಯ ಬಾಡಿಗೆದಾರ ಕೊಳಲು ಕಲಿಯಲು ಹೋಗಿ ಅಕ್ಕಪಕ್ಕದವರ ಜೀವ ತಿಂದ, ಎಲ್ಲವೂ ಅಲ್ಲಿಗೆ ಬಂದು ಹೋಗುತ್ತಿತ್ತು.

ತೊಂದರೆ ಶುರುವಾದದ್ದು ಕನ್ನಡಿಯಿಂದ.

"ಕನ್ನಡಿ ಒರೆಸಿದ್ಯೇನೋ?" ಎಂದ ದೊಡ್ಡ ಕತ್ತರಿ ಒಂದು ಬೆಳಿಗ್ಗೆ.

"ಒರೆಸಿದೆ ಭಾವ."

"ಯಾವುದರಲ್ಲಿ ಒರೆಸಿದೆ, ಎಣ್ಣೆ ಬಟ್ಟೇಲಾ? ಎಲ್ಲಾ ಮಬ್ಬು ಮಬ್ಬು."

ಚಿಕ್ಕವನು ಮತ್ತೆ ಒರೆಸಿದ. ಮರುದಿನವೂ ಅದೇ ದೂರು. ಸೋಪು ಬದಲಾಯಿತು, ಬಟ್ಟೆ ಬದಲಾಯಿತು, ಹಳೆಯ ಪತ್ರಿಕೆ ಉಂಡೆ ಮಾಡಿ ತಿಕ್ಕಿದ್ದೂ ಆಯಿತು. ವಿಚಿತ್ರವೆಂದರೆ ಊಟದ ಹೊತ್ತಿಗೆ ಕನ್ನಡಿ ತಾನಾಗಿಯೇ ತಿಳಿಯಾಗುತ್ತಿತ್ತು. ಸಂಜೆ ದೀಪ ಹಾಕಿದರೆ ಬಲ್ಬಿನ ಸುತ್ತ ಬಣ್ಣದ ಬಳೆಯೊಂದು ಕಾಣುತ್ತಿತ್ತು. ಅದನ್ನು ದೊಡ್ಡ ಕತ್ತರಿ ಯಾರಿಗೂ ಹೇಳಲಿಲ್ಲ. ಬಲ್ಬೇ ಅಗ್ಗದ್ದಿರಬೇಕೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಭಾಮೈದನಿಗೆ ಮಾತ್ರ ಬೇರೆಯದೇ ಕಾಣಿಸತೊಡಗಿತ್ತು. ಭಾವನ ಕುರ್ಚಿಯಿಂದ ಎದ್ದವರ ಒಂದು ಕಿವಿಯ ಪಕ್ಕದ ಕೂದಲು ಇನ್ನೊಂದಕ್ಕಿಂತ ತುಸು ಕೆಳಗೆ. ದವಡೆಯ ಮೂಲೆಯಲ್ಲಿ ಬಿಟ್ಟುಹೋದ ನಾಲ್ಕು ಕೂದಲು. ಗಿರಾಕಿಗಳು ಗಮನಿಸುತ್ತಿರಲಿಲ್ಲ, ಗಮನಿಸಿದವರೂ ದಾಕ್ಷಿಣ್ಯಕ್ಕೆ ಸುಮ್ಮನಿದ್ದರು. ಚಿಕ್ಕ ಕತ್ತರಿ ಹೊಸ ಉಪಾಯ ಕಂಡುಕೊಂಡ. ಭಾವನ ಗಿರಾಕಿ ಏಳುವಾಗ "ಇರಿ, ಒಂಚೂರು ಪೌಡರ್ ಹಾಕ್ತೀನಿ" ಎಂದು ಅವರನ್ನು ತನ್ನ ಕಡೆ ತಿರುಗಿಸಿಕೊಂಡು, ಪೌಡರಿನ ನೆಪದಲ್ಲಿ ಅಷ್ಟು ಸರಿಮಾಡಿ ಕಳಿಸುತ್ತಿದ್ದ. ಎಂದೂ ಪೌಡರ್ ಕೇಳದವರೂ ಆ ದಿನಗಳಲ್ಲಿ ಘಮಘಮಿಸುತ್ತ ಮನೆಗೆ ಹೋದರು.

ಒಂದು ದಿನ ದೊಡ್ಡ ಕತ್ತರಿ ಅದನ್ನು ಕನ್ನಡಿಯಲ್ಲಿ ನೋಡಿಬಿಟ್ಟ. ಗಿರಾಕಿ ಹೋದ ಮೇಲೆ ಕೇಳಿದ.

"ಎಷ್ಟು ದಿನದಿಂದ ನಡೀತಿದೆ ಇದು?"

"ಯಾವುದು ಭಾವ?"

"ನನ್ನ ತಪ್ಪಿನ ಮೇಲೆ ನೀನು ಪೌಡರ್ ಬಳಿಯೋದು."

ಚಿಕ್ಕವನು ಬಾಚಣಿಗೆಯ ಹಲ್ಲು ಎಣಿಸುವವನಂತೆ ತಲೆ ತಗ್ಗಿಸಿದ. "ಹೆಚ್ಚೇನಿಲ್ಲ. ಒಂದು ಕೂದಲು ಆ ಕಡೆ ಈ ಕಡೆ."

"ಒಂದು ಕೂದಲೂ ಆ ಕಡೆ ಈ ಕಡೆ ಆಗಬಾರದು ಅಂತ ತಾನೇ ಜನ ಇಲ್ಲಿಗೆ ಬರೋದು?"

ಮಧ್ಯಾಹ್ನ ಇಬ್ಬರೂ ಮನೆಗೆ ಊಟಕ್ಕೆ ಬಂದಾಗ, ಮನೆಯ ಮುಂದಿನ ಕೋಣೆಯಲ್ಲಿ ಇಸ್ತ್ರಿ ಅಂಗಡಿ ನಡೆಸುವ ಅಕ್ಕ ಅವರ ಮುಖ ನೋಡಿ ಇಸ್ತ್ರಿಪೆಟ್ಟಿಗೆಯನ್ನು ಎತ್ತಿಟ್ಟಳು.

"ಏನು, ಇಬ್ಬರ ಬಾಯಿಗೂ ಬೀಗ?"

"ನಿನ್ನ ತಮ್ಮನ್ನ ಕೇಳು."

"ಭಾವನ್ನೇ ಕೇಳಕ್ಕ."

ಅವಳು ಇಬ್ಬರನ್ನೂ ಕೇಳಿದಳು, ಕೇಳಿದ್ದನ್ನು ಮತ್ತೆ ಮತ್ತೆ ಕೇಳಿದಳು. ತಮ್ಮ ಅರ್ಧ ಹೇಳಿದ. ಉಳಿದರ್ಧ ಅವಳಿಗೇ ಗೊತ್ತಿತ್ತು: ಗಂಡ ನೀರು ಬಗ್ಗಿಸುವಾಗ ಲೋಟದ ಪಕ್ಕಕ್ಕೆ ಬೀಳುತ್ತಿದ್ದದ್ದು, ಬಾಗಿಲ ಚೌಕಟ್ಟಿಗೆ ಬಲ ಭುಜ ತಾಗಿಸಿಕೊಳ್ಳುತ್ತಿದ್ದದ್ದು. ವಯಸ್ಸಾಯಿತಲ್ಲ ಎಂದುಕೊಂಡು ಸುಮ್ಮನಿದ್ದಳು. ಈಗ ಗಂಜಿಯ ವಾಸನೆಯ ಅಂಗೈಯಿಂದ ಅವನ ಎಡಗಣ್ಣು ಮುಚ್ಚಿ, ಇನ್ನೊಂದು ಕೈಯಲ್ಲಿ ಒಂದು ಅಂಗಿಯನ್ನು ಅವನ ಬಲಪಕ್ಕಕ್ಕೆ ಹಿಡಿದಳು.

"ನನ್ನ ಮುಖಾನೇ ನೋಡಿ. ಈ ಅಂಗಿ ಯಾವ ಬಣ್ಣ?"

"ಯಾವ ಅಂಗಿ?" ಎಂದ ದೊಡ್ಡ ಕತ್ತರಿ.

ಭಾಮೈದ ತಮಾಷೆ ಎಂದುಕೊಂಡು ನಗಲು ಹೋದವನು ಅಕ್ಕನ ಮುಖ ನೋಡಿ ನಿಲ್ಲಿಸಿದ.

ಮರುದಿನ ಅಂಗಡಿಗೆ ಬೀಗ ಹಾಕಿ ಮೂವರೂ ಕಣ್ಣಿನ ಆಸ್ಪತ್ರೆಗೆ ಹೋದರು. ಎರಡೂ ಕಣ್ಣಿಗೆ ಔಷಧಿ ಹಾಕಿ ಕೂರಿಸಿದರು. ಎಡಗಣ್ಣಿನ ಪಾಪೆ ಅಗಲವಾಗಿ ಅರಳಿತು. ಬಲಗಣ್ಣಿನದು ಮತ್ತೆ ಮತ್ತೆ ಹಾಕಿದರೂ ಮೆಣಸಿನ ಕಾಳಿಗಿಂತ ದೊಡ್ಡದಾಗಲಿಲ್ಲ. ವೈದ್ಯೆ ನಡುವಯಸ್ಸಿನವಳು, ನಿಧಾನವಾಗಿ ಮಾತಾಡುವವಳು. ಯಂತ್ರದಲ್ಲಿ ಅವನ ಗಲ್ಲ ಇಡಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ಪರದೆಯ ಮೇಲೆ ಅವನ ಕಣ್ಣನ್ನೇ ದೊಡ್ಡದು ಮಾಡಿ ತೋರಿಸಿದಳು. ಕಣ್ಣುಪಾಪೆಯ ಅಂಚಿನಲ್ಲಿ, ಅದರ ಹಿಂದಿನ ಮಸೂರದ ಮೇಲೆ, ಬಿಳಿಯ ಸಣ್ಣ ಸಣ್ಣ ಹುಡಿ ಅಂಟಿಕೊಂಡಿತ್ತು.

"ಇದೇನು ಮೇಡಂ, ಧೂಳಾ?" ಅಕ್ಕ ಕೇಳಿದಳು.

"ಅಲ್ಲ. ಇದಕ್ಕೆ ಸ್ಯೂಡೋಎಕ್ಸ್‌ಫೋಲಿಯೇಶನ್ ಅಂತ ಉದ್ದದ ಹೆಸರಿದೆ. ಕೆಲವರಿಗೆ ವಯಸ್ಸಾದ ಮೇಲೆ ಕಣ್ಣಿನ ಒಳಗೇ ಇಂಥ ಹುಡಿ ಹುಟ್ಟಿಕೊಳ್ಳತ್ತೆ. ನೋಡೋಕೆ ಹೇಗಿದೆ ಅಂದ್ರೆ..." ವೈದ್ಯೆ ಪದಕ್ಕಾಗಿ ತಡವರಿಸಿ, "ತಲೆಹೊಟ್ಟಿನ ಹಾಗೆ" ಎಂದಳು.

ಚಿಕ್ಕ ಕತ್ತರಿ ಗೋಡೆಯ ಕಡೆ ತಿರುಗಿದ. ಅವನ ಬೆನ್ನು ಕುಲುಕುತ್ತಿತ್ತು.

"ಅವನು ಯಾಕೆ ನಗ್ತಿದ್ದಾನೆ ಅಂದ್ರೆ," ಎಂದ ದೊಡ್ಡ ಕತ್ತರಿ ಗಂಭೀರವಾಗಿ, "ನನ್ನದು ಕಟಿಂಗ್ ಶಾಪು ಮೇಡಂ. ಊರಿನವರ ತಲೆಹೊಟ್ಟೆಲ್ಲಾ ಕೊಡವಿದವನು ನಾನು. ಅದೆಲ್ಲಾ ನನ್ನ ಕಣ್ಣಿಗೇ ಬಂದು ಬಿತ್ತಾ?"

ವೈದ್ಯೆಯೂ ನಕ್ಕಳು. "ಇಲ್ಲ ಯಜಮಾನ್ರೇ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಿಮ್ಮ ತಪ್ಪೂ ಇಲ್ಲ, ನಿಮ್ಮ ಗಿರಾಕಿಗಳ ತಪ್ಪೂ ಇಲ್ಲ."

ನಗು ಮುಗಿದ ಮೇಲೆ ಅವಳು ಉಳಿದದ್ದನ್ನು ಹೇಳಿದಳು. ಕಣ್ಣಿನೊಳಗೆ ಸದಾ ನೀರು ಹುಟ್ಟುತ್ತಿರುತ್ತದೆ, ಅದು ಹರಿದುಹೋಗಲು ಅಂಚಿನಲ್ಲಿ ಜರಡಿಯಂಥದ್ದೊಂದು ಇದೆ. ಈ ಹುಡಿ ಆ ಜರಡಿಯಲ್ಲಿ ಕಟ್ಟಿಕೊಂಡು ಬಲಗಣ್ಣಿನ ಒತ್ತಡ ಏರಿಸಿದೆ. ಒತ್ತಡ ಹಿಂದಿನ ನರವನ್ನು ತಿಂದಿದೆ, ಅದಕ್ಕೇ ಆ ಕಣ್ಣಿನ ಸುತ್ತಲಿನ ನೋಟ ಬಹಳಷ್ಟು ಹೋಗಿದೆ. ಜೊತೆಗೆ ಪೊರೆಯೂ ಬಂದಿದೆ. ಕಣ್ಣಿನ ಮುಂದಿನ ಗಾಜಿನಂಥ ಪದರ, ಕಾರ್ನಿಯಾ, ಅದರ ಒಳಮೈಯೂ ಸೊರಗಿದೆ.

"ಆ ಒಳಮೈಯಲ್ಲಿ ಒಂದು ಸಾಲು ಜೀವಕೋಶಗಳಿರ್ತವೆ. ಕಾರ್ನಿಯಾದಲ್ಲಿ ನೀರು ನಿಲ್ಲದ ಹಾಗೆ ಹೊರಗೆ ತಳ್ಳೋದೇ ಅವುಗಳ ಕೆಲಸ. ನಿಮಗೆ ಅವು ಕಡಿಮೆ ಆಗಿವೆ, ಮೇಲಿಂದ ಒತ್ತಡ ಬೇರೆ. ಕಣ್ಣು ಮುಚ್ಚಿ ಮಲಗಿದಾಗ ನೀರು ಆರೋದಿಲ್ಲ, ಅದಕ್ಕೇ ಬೆಳಿಗ್ಗೆ ಮಬ್ಬು. ಹೊತ್ತು ಏರಿದ ಹಾಗೆ ತಿಳಿ ಆಗತ್ತೆ."

ದೊಡ್ಡ ಕತ್ತರಿ ಭಾಮೈದನ ಕಡೆ ನೋಡಿದ. "ಕನ್ನಡಿ ನೀನು ಸರಿಯಾಗೇ ಒರೆಸಿದ್ದೆ ಕಣೋ," ಎಂದ.

"ಹೋದ ನೋಟ ಬರಲ್ವಾ ಮೇಡಂ?" ಅಕ್ಕ ಕೇಳಿದಳು.

"ನರ ಹೋದದ್ದು ಬರಲ್ಲ. ಉಳಿದಿರೋದನ್ನ ಉಳಿಸ್ಕೋಬೇಕು. ಎಡಗಣ್ಣು ಈಗ ಚೆನ್ನಾಗಿದೆ, ಆದ್ರೆ ಅಲ್ಲೂ ಒಂದೆರಡು ಹುಡಿ ಕಾಣ್ತಿದೆ. ಅದನ್ನ ಬಿಡದೆ ನೋಡ್ತಾ ಇರಬೇಕು."

ಮೊದಲು ಒತ್ತಡ ಇಳಿಸುವ ಹನಿ. ಬೆಳಗಿನದನ್ನು ಹೆಂಡತಿ ಹಾಕುತ್ತಿದ್ದಳು, ಸಂಜೆಯದು ಅಂಗಡಿಯಲ್ಲಿ ಭಾಮೈದನ ಪಾಲಿಗೆ ಬಂತು. ಅಷ್ಟು ವರ್ಷ ಬೇರೆಯವರನ್ನು ಕೂರಿಸಿದ ಕುರ್ಚಿಯಲ್ಲಿ ದೊಡ್ಡ ಕತ್ತರಿ ತಾನು ಒರಗಿ ಕೂರಬೇಕಾಯಿತು. ಹನಿ ಬೀಳುವ ಮೊದಲೇ ಕಣ್ಣು ಮುಚ್ಚಿಬಿಡುತ್ತಿದ್ದ. ಔಷಧಿ ಕೆನ್ನೆಗೆ, ಮೀಸೆಗೆ, ಒಮ್ಮೆ ಕಿವಿಗೆ.

"ಅಲ್ಲಾಡಬಾರದು. ಅಲ್ಲಾಡಿದ್ರೆ ಕಿವಿ ಹೋಗತ್ತೆ," ಎಂದ ಚಿಕ್ಕ ಕತ್ತರಿ. ಅಳುವ ಮಕ್ಕಳಿಗೆ ಭಾವ ಹೇಳುತ್ತಿದ್ದ ಮಾತು ಅದು.

ಬೆಂಚಿನ ಮೇಲೆ ಕಾಯುತ್ತಿದ್ದವರು ನಕ್ಕರು. ದೊಡ್ಡ ಕತ್ತರಿ ನಗುವಾಗ ಕಣ್ಣು ತೆರೆದ. ಭಾಮೈದ ಆ ಸಮಯ ನೋಡಿ ಹನಿ ಬಿಟ್ಟ. ಅಲ್ಲಿಂದ ಮುಂದೆ ದಿನಾ ಏನಾದರೊಂದು ನಗೆಮಾತು ಹೊಂದಿಸಿಕೊಂಡೇ ಅವನು ಔಷಧಿಯ ಬಾಟಲಿ ಎತ್ತುತ್ತಿದ್ದ. ಕತ್ತಿಯನ್ನು ಮಾತ್ರ ದೊಡ್ಡ ಕತ್ತರಿ ಆಸ್ಪತ್ರೆಗೆ ಹೋಗಿಬಂದ ದಿನದಿಂದ ಮುಟ್ಟಲಿಲ್ಲ. ಪೊರೆ ತೆಗೆಸಿದ ಮೇಲೆ ನೋಡೋಣ ಎಂದು ಗಿರಾಕಿಗಳಿಗೆ ಹೇಳಿದ.

ಒತ್ತಡ ಇಳಿದ ಮೇಲೆ ಆಪರೇಷನ್ ನಿಗದಿಯಾಯಿತು. ಎಲ್ಲರಿಗೂ ಆಗುವಷ್ಟು ಸಲೀಸಾಗಿ ಇದು ಆಗುವುದಿಲ್ಲ ಎಂದು ವೈದ್ಯೆ ಮೊದಲೇ ಹೇಳಿದ್ದಳು. ಪಾಪೆ ಅರಳದ ಕಾರಣ ಸಣ್ಣ ಕೊಕ್ಕೆಗಳಿಂದ ಅದನ್ನು ಹಿಗ್ಗಿಸಿ ಹಿಡಿಯಬೇಕು. ಮಸೂರವನ್ನು ತೂಗುಹಾಕಿರುವ ಎಳೆಗಳೂ ಈ ಹುಡಿಯಿಂದ ಸಡಿಲವಾಗಿವೆ, ಕೈ ತುಸು ಹೆಚ್ಚಾದರೆ ಅದು ಜಾರಬಹುದು. ಕಾರ್ನಿಯಾವೂ ನಾಜೂಕು.

"ನಿಮ್ಮ ಕೈ ನಡುಗಲ್ವಾ ಮೇಡಂ?" ದೊಡ್ಡ ಕತ್ತರಿ ಕೇಳಿದ.

"ನಿಮಗೆ ಕತ್ತಿ ಹಿಡಿದಾಗ ನಡುಗತ್ತಾ?"

"ಮೊದಲು ನಡುಗ್ತಿರಲಿಲ್ಲ."

ವೈದ್ಯೆ ಅವನ ಮೊಣಕೈಯನ್ನು ಮೆಲ್ಲಗೆ ಒತ್ತಿ ಒಳಗೆ ಹೋದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಮಸೂರ ಜಾರಲಿಲ್ಲ, ಹೊಸದು ತನ್ನ ಜಾಗದಲ್ಲಿ ಕೂತಿತು. ಆದರೆ ಮರುದಿನ ಪಟ್ಟಿ ಬಿಚ್ಚಿದಾಗ ದೊಡ್ಡ ಕತ್ತರಿಗೆ ಕಂಡದ್ದು ಬರೀ ಹಾಲಿನಂಥ ಬಿಳುಪು. ಕಾರ್ನಿಯಾ ಊದಿಕೊಂಡಿತ್ತು. ಕಾಯಬೇಕು, ಉಳಿದ ಜೀವಕೋಶಗಳು ಹರಡಿಕೊಂಡು ಆ ಕೆಲಸ ವಹಿಸಿಕೊಳ್ಳಬೇಕು, ಆಗದಿದ್ದರೆ ಬೇರೆಯವರು ದಾನ ಮಾಡಿದ ಒಳಪದರ ಕೂರಿಸುವ ದಾರಿ ಇದೆ ಎಂದಳು ವೈದ್ಯೆ. ಅವಳು ಹೇಳಿದ್ದರಲ್ಲಿ ದೊಡ್ಡ ಕತ್ತರಿಯ ತಲೆಗೆ ಹೋದದ್ದು 'ಆಗದಿದ್ದರೆ' ಎಂಬ ಒಂದೇ ಮಾತು.

ಅವನು ಅಂಗಡಿಗೆ ಹೋಗುವುದನ್ನೇ ಬಿಟ್ಟ. ಇಸ್ತ್ರಿ ಕೋಣೆಯ ಮೂಲೆಯ ಸ್ಟೂಲಿನ ಮೇಲೆ ಕೂತು, ಹೆಂಡತಿ ಮಡಚಿಟ್ಟ ಬಟ್ಟೆಗಳ ಮೇಲೆ ಕೈಯಾಡಿಸುತ್ತ, ಕೇಳಿದ್ದಕ್ಕೆ ಹೂಂ, ಉಹೂಂ ಅನ್ನುತ್ತಿದ್ದ. ಮಾತಿಲ್ಲದ ಗಂಡ ಅವಳಿಗೆ ಹೊಸಬ. ಮೊದಲೆಲ್ಲ ಒಂದು ಗಳಿಗೆ ಸುಮ್ಮನಿರಿ ಎಂದು ಗದರುತ್ತಿದ್ದವಳು ಈಗ ಬೇಕೆಂದೇ ತಪ್ಪು ಸುದ್ದಿ ಹೇಳಿ ನೋಡಿದಳು. "ಮೂಲೆ ಮನೆಯ ಟೈಲರು ಅಂಗಡಿ ಮುಚ್ತಾನಂತೆ" ಎಂದಳು. ಟೈಲರು ಮುಚ್ಚುವವನಲ್ಲ, ಅದು ಅವನಿಗೂ ಗೊತ್ತು. ಆದರೂ ತಿದ್ದಲಿಲ್ಲ. ಅವಳಿಗೆ ಭಯವಾಗಿದ್ದು ಆಗ.

ಮುಂದಿನ ಸಲ ತೋರಿಸಲು ಹೋದಾಗ ವೈದ್ಯೆ ಉಪ್ಪಿನಂಶದ ಹನಿ ಬರೆದುಕೊಟ್ಟು, "ಮನೇಲಿ ಹೇರ್ ಡ್ರೈಯರ್ ಇದೆಯಾ?" ಎಂದು ಕೇಳಿದಳು.

ಮೂವರೂ ಮುಖ ಮುಖ ನೋಡಿಕೊಂಡರು.

"ಎರಡಿವೆ," ಎಂದ ಚಿಕ್ಕ ಕತ್ತರಿ.

"ಬೆಳಿಗ್ಗೆ ಎದ್ದಮೇಲೆ ತೋಳಷ್ಟು ದೂರ ಹಿಡ್ಕೊಂಡು, ಬಿಸಿ ಇಲ್ಲದ ಹಾಗೆ, ಮೆಲ್ಲಗೆ ಮುಖದ ಕಡೆ ಗಾಳಿ ಬಿಡಿ. ಕಾರ್ನಿಯಾದ ನೀರು ಬೇಗ ಆರತ್ತೆ, ಮಬ್ಬು ಸ್ವಲ್ಪ ಕಡಿಮೆ ಆಗತ್ತೆ. ಹತ್ತಿರ ಹಿಡೀಬೇಡಿ."

ಅಂದಿನಿಂದ ಚಿಕ್ಕ ಕತ್ತರಿ ದಿನಾ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಡ್ರೈಯರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಪಕ್ಕದ ಬೀದಿಯ ತನ್ನ ಕೋಣೆಯಿಂದ ಅಕ್ಕನ ಮನೆಗೆ ಬರುತ್ತಿದ್ದ. ಭಾವನನ್ನು ಕಿಟಕಿಯ ಪಕ್ಕ ಕೂರಿಸಿ, ಇಸ್ತ್ರಿ ಮಾಡಿದ ಬಟ್ಟೆಯೊಂದನ್ನು ಕೊರಳಿಗೆ ಸುತ್ತಿ, ಎದುರು ನಿಂತು ಗಾಳಿ ಬಿಡುತ್ತಿದ್ದ.

"ಈ ಬಟ್ಟೆ ಯಾಕೋ ಸುತ್ತಿದ್ದೀಯ?"

"ಅಭ್ಯಾಸ ಭಾವ. ಬಟ್ಟೆ ಇಲ್ಲದೆ ಕೈ ಓಡಲ್ಲ. ಕ್ರಾಪು ಹೇಗಿರಲಿ, ಹಿಂದಕ್ಕೋ ಪಕ್ಕಕ್ಕೋ?"

"ಇರೋ ನಾಲ್ಕು ಕೂದಲಿಗೆ ಹಿಂದೇನು, ಪಕ್ಕ ಏನು?"

ಅದು ಎಷ್ಟೋ ದಿನಗಳ ಮೇಲೆ ಅವನ ಬಾಯಿಂದ ಬಂದ ಉದ್ದದ ವಾಕ್ಯ. ಇಸ್ತ್ರಿಮೇಜಿನ ಹಿಂದಿದ್ದ ಅಕ್ಕ ಕೇಳಿಸಿಕೊಂಡು, ಕೈಯಲ್ಲಿದ್ದ ಅಂಗಿಯ ತೋಳನ್ನೇ ಇನ್ನೊಮ್ಮೆ ಇಸ್ತ್ರಿ ಮಾಡಿದಳು.

ಮಬ್ಬು ಒಮ್ಮೆಲೇ ಹೋಗಲಿಲ್ಲ. ಒಂದು ದಿನ ಕಿಟಕಿಯ ಸರಳು ಕಂಡವು, ಮರುದಿನ ಕಾಣಲಿಲ್ಲ. ಆಮೇಲೆ ಸರಳಿನ ಆಚೆಯ ತಂತಿ, ತಂತಿಯ ಮೇಲೆ ಒಣಗುತ್ತಿದ್ದ ಕಾಲುಚೀಲ. ಒಂದು ಬೆಳಿಗ್ಗೆ ಡ್ರೈಯರ್ ನಿಲ್ಲಿಸಿದ ಮೇಲೆ ಹೆಂಡತಿ ಸ್ನಾನದ ಕೂದಲನ್ನು ಮುಂದಕ್ಕೆ ಬಿಟ್ಟುಕೊಂಡೇ ಚಹಾ ತಂದಾಗ ದೊಡ್ಡ ಕತ್ತರಿ ಎಡಗಣ್ಣನ್ನು ತಾನೇ ಮುಚ್ಚಿಕೊಂಡು ಅವಳನ್ನೇ ದಿಟ್ಟಿಸಿದ. ನೋಡುತ್ತ ನೋಡುತ್ತ ಅವನ ಹುಬ್ಬು ಗಂಟಾಯಿತು.

"ನಿನ್ನ ಕೂದಲಿನ ತುದಿ ಯಾರು ಕತ್ತರಿಸಿದ್ದು?"

ಅವಳು ಕಪ್ಪು ಹಿಡಿದೇ ನಿಂತಳು. ಮದುವೆಯಾದಾಗಿನಿಂದ ಅವಳ ಜಡೆಯ ತುದಿ ಕತ್ತರಿಸುತ್ತಿದ್ದವನು ಅವನೇ. ಈ ಸಲ ಅವನನ್ನು ಕೇಳಲು ಮನಸ್ಸಾಗದೆ ತಮ್ಮನಿಗೆ ತಲೆ ಕೊಟ್ಟಿದ್ದಳು.

"ತಮ್ಮ."

"ಸೊಟ್ಟ ಇದೆ. ಬಲಗಡೆ ಬೆರಳಗಲ ಕೆಳಗಿದೆ. ಲೋ, ಇದೇನೋ ಇದು, ಇಷ್ಟು ವರ್ಷ ಕಲಿತಿದ್ದು ಇದೇನಾ?"

ಭಾಮೈದನಿಗೆ ಬೈಗುಳ ಕೇಳಿ ಅಷ್ಟು ಸುಖವಾದದ್ದು ಹಿಂದೆಂದೂ ಇಲ್ಲ. ಅಕ್ಕ ಚಹಾವನ್ನು ಕೆಳಗಿಟ್ಟು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಒರೆಸಿಕೊಂಡವಳು, "ಸರಿ ಮಾಡ್ಕೊಡಿ ಮತ್ತೆ, ಸುಮ್ಮನೆ ಬಾಯಿ ಮಾಡಿದ್ರೆ ಆಯ್ತಾ?" ಎಂದು ಗದರಿದಳು. ಅವನು ಅಲ್ಲೇ, ಕಿಟಕಿಯ ಬೆಳಕಿನಲ್ಲಿ, ಬೆರಳ ಮಧ್ಯೆ ತುದಿಗೂದಲು ಹಿಡಿದು ನಿಧಾನವಾಗಿ ಸರಿಮಾಡಿದ. ಅವಳು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲುಗಾಡದೆ ಕೂತಿದ್ದಳು.

ದೊಡ್ಡ ಕತ್ತರಿ ಅಂಗಡಿಗೆ ಮರಳಿದ ದಿನ ಬಾಗಿಲು ಇನ್ನೂ ಅರ್ಧ ತೆರೆದಿತ್ತು. ಗಿರಾಕಿಗಳು ಬರುವ ಮೊದಲು ಚಿಕ್ಕ ಕತ್ತರಿ ಭಾವನ ಕುರ್ಚಿಯಲ್ಲಿ ತಾನೇ ಹೋಗಿ ಕೂತ. ಮೂರು ದಿನದ ಗಡ್ಡ ಬಿಟ್ಟುಕೊಂಡೇ ಬಂದಿದ್ದ.

"ಶೇವಿಂಗ್," ಎಂದ.

"ಎದ್ದೇಳೋ."

"ಗಿರಾಕಿ ಹತ್ತಿರ ಹೀಗಾ ಮಾತಾಡೋದು?"

ದೊಡ್ಡ ಕತ್ತರಿ ಒಮ್ಮೆ ಬಾಗಿಲ ಕಡೆ ನೋಡಿದ. ಆಮೇಲೆ ಬಟ್ಟೆ ಹೊದಿಸಿದ, ನೊರೆ ಕಲಸಿದ, ಕತ್ತಿಯನ್ನು ಪಟ್ಟಿಯ ಮೇಲೆ ಮಸೆದ. ಎಡಗೆನ್ನೆಯ ಮೇಲೆ ಕತ್ತಿ ಹಿಂದಿನಂತೆಯೇ ಹರಿಯಿತು. ಭಾಮೈದ ಕಣ್ಣು ಮುಚ್ಚಿದ. ಬಲಗೆನ್ನೆಯೂ ಆಯಿತು. ಗದ್ದವನ್ನು ಮೇಲಕ್ಕೆತ್ತಿ ಕುತ್ತಿಗೆಗೆ ಇಳಿಯಬೇಕು, ಅಲ್ಲಿ ಕೈ ನಿಂತಿತು. ಕತ್ತಿಯ ಅಂಚಿಗೂ ಚರ್ಮಕ್ಕೂ ನಡುವೆ ಎಷ್ಟು ಜಾಗವಿದೆ ಎಂದು ಮೊದಲು ಅವನು ಯೋಚಿಸಿದವನೇ ಅಲ್ಲ. ಈಗ ಯೋಚಿಸುತ್ತಿದ್ದ.

ಅವನು ಕತ್ತಿಯನ್ನು ಮಡಚಿ ಬಟ್ಟಲಲ್ಲಿ ಇಟ್ಟ.

"ಭಾವ, ನನಗೇನೂ ಭಯ ಇಲ್ಲ."

"ನಿನಗಿಲ್ಲ ಕಣೋ, ಅದು ಗೊತ್ತು. ನನಗಿದೆ. ಕಾಣಲ್ಲ ಅಂತಲ್ಲ. ಕಾಣ್ತಿದೆಯಾ ಇಲ್ವಾ ಅಂತ ಅನುಮಾನ ಬರ್ತಿದೆ. ಅನುಮಾನ ಇಟ್ಕೊಂಡು ಇನ್ನೊಬ್ಬರ ಕುತ್ತಿಗೆ ಮುಟ್ಟಬಾರದು."

ಭಾವ ಒದ್ದೆ ಟವೆಲನ್ನು ಅವನ ಕೈಗಿತ್ತ. "ಕುತ್ತಿಗೆ ನೀನೇ ಮಾಡ್ಕೋ. ಇನ್ನು ಮೇಲೆ ಗಡ್ಡ ನಿಂದು, ತಲೆ ನಂದು. ತಲೆ ತಪ್ಪಿದ್ರೆ ಮತ್ತೆ ಬೆಳೆಯತ್ತೆ." ಹೇಳಿದ್ದು ಹಗುರವಾಗಿಯೇ. ಆದರೆ ಕತ್ತಿ ಮಸೆಯುವ ಚರ್ಮದ ಪಟ್ಟಿಯನ್ನು ತನ್ನ ಕುರ್ಚಿಯಿಂದ ಬಿಚ್ಚಿ ಭಾಮೈದನ ಕುರ್ಚಿಗೆ ಕಟ್ಟುವಾಗ ಗಂಟು ಹಾಕಲು ಬಹಳ ಹೊತ್ತು ಹಿಡಿಯಿತು.

ಮೊದಲು ಬಂದವರು ನಿವೃತ್ತ ಅಂಚೆಯವರು, ದೊಡ್ಡ ಕತ್ತರಿಯನ್ನು ಬಿಟ್ಟು ಇನ್ನೊಬ್ಬರಿಗೆ ಗಲ್ಲ ಕೊಡದವರು. ಅವನಿಲ್ಲದ ದಿನಗಳಲ್ಲಿ ಅವರು ಗಡ್ಡವನ್ನೇ ಬಿಟ್ಟಿದ್ದರು. ವಿಷಯ ಕೇಳಿ ಗಡ್ಡ ನೀವಿಕೊಂಡು ಒಳಗಿನ ಕುರ್ಚಿಯನ್ನು ಅನುಮಾನದಿಂದ ನೋಡಿದರು.

"ನೀವು ಇಲ್ಲೇ ಇರ್ತೀರಲ್ಲ?"

"ಇಲ್ಲೇ ಇರ್ತೀನಿ, ಎಲ್ಲಿ ಹೋಗ್ಲಿ? ಕೂತ್ಕೊಳ್ಳಿ. ಆ ಕೊಳಲಿನವನು ಏನಾದ ಗೊತ್ತಾ ನಿಮಗೆ? ಕೊಳಲು ಬಿಟ್ಟನಂತೆ. ಬಿಟ್ಟ ಅಂತ ಎಲ್ಲರೂ ಸಮಾಧಾನದ ಉಸಿರು ಬಿಟ್ಟರು. ಈಗ ತಬಲಾ ತಂದಿದ್ದಾನಂತೆ."

ಅಂಚೆಯವರು ನಗುತ್ತಲೇ ಕತ್ತು ಚಾಚಿದರು. ಚಿಕ್ಕ ಕತ್ತರಿ ಬೋಳಿಸಿದ, ದೊಡ್ಡ ಕತ್ತರಿ ಪಕ್ಕದಲ್ಲಿ ನಿಂತು ಮಾತಾಡಿದ. ಮುಗಿಯುವ ಹೊತ್ತಿಗೆ ಅಂಚೆಯವರ ಕಣ್ಣು ಮುಚ್ಚಿತ್ತು, ಬಾಯಿ ತೆರೆದಿತ್ತು, ಗೊರಕೆ ಹದವಾಗಿತ್ತು. ದೊಡ್ಡ ಕತ್ತರಿ ಅದನ್ನು ಕೇಳುತ್ತ ಸ್ವಲ್ಪ ಹೊತ್ತು ನಿಂತು, ತನ್ನ ಕುರ್ಚಿಗೆ ಬಂದ ಮಗುವಿನ ತಲೆಗೆ ನೀರು ಚಿಮುಕಿಸಿದ.

ಸಂಜೆ ಇಬ್ಬರೂ ಮನೆ ಕಡೆ ನಡೆದರು. ರಸ್ತೆಯಲ್ಲಿ ಸೈಕಲ್ಲು, ಗಾಡಿ, ಶಾಲೆ ಬಿಟ್ಟ ಮಕ್ಕಳು. ಚಿಕ್ಕ ಕತ್ತರಿ ಏನೂ ಹೇಳದೆ ಭಾವನ ಬಲಗಡೆಗೆ ಬಂದು, ತುಸು ಒತ್ತಿಕೊಂಡೇ ನಡೆಯುತ್ತಿದ್ದ.

"ಎಡಗಡೆ ಬಾರೋ," ಎಂದ ದೊಡ್ಡ ಕತ್ತರಿ.

"ಯಾಕೆ ಭಾವ? ಈ ಕಡೆಯಿಂದ ಗಾಡಿ ಬರ್ತವೆ."

"ಆ ಕಡೆ ಇದ್ರೆ ನೀನು ನನಗೆ ಕಾಣಲ್ಲ."

ಭಾಮೈದ ಯೋಚಿಸಿದ. "ಕಾಣದಿದ್ರೆ ಏನಂತೆ, ಕೇಳಿಸ್ತೀನಲ್ಲ. ಮಾತಾಡ್ತಾನೇ ಬರ್ತೀನಿ," ಎಂದು ಬಲಗಡೆಯಲ್ಲೇ ಉಳಿದ.

"ಮಾತಾಡೋದಾದ್ರೆ ದವಡೆ ಮೂಲೆ ವಿಷಯ ಮಾತಾಡು. ಅಂಚೆಯವರಿಗೆ ಅಲ್ಲಿ ಕತ್ತಿ ನೆಟ್ಟಗೆ ಹಿಡಿದೆ. ಅಲ್ಲಿ ಓರೆ ಇರಬೇಕು."

"ಓರೆಯಾಗೇ ಹಿಡಿದಿದ್ದೆ."

"ಹಿಡೀಲಿಲ್ಲ. ನಾನು ನೋಡಿದೆ."

"ಯಾವ ಕಣ್ಣಲ್ಲಿ ನೋಡಿದ್ರಿ?"

ದೊಡ್ಡ ಕತ್ತರಿ ಅವನ ಬೆನ್ನಿಗೊಂದು ಗುದ್ದಿದ. ವಾದ ಮನೆ ಬಾಗಿಲವರೆಗೂ ಮುಂದುವರಿಯಿತು. ಇಸ್ತ್ರಿ ಕೋಣೆಯಲ್ಲಿದ್ದ ಅಕ್ಕನಿಗೆ ಇಬ್ಬರ ದನಿಯೂ ತಿರುವಿನಿಂದಲೇ ಕೇಳಿಸಿತು. ಅವಳು ಚಹಾಕ್ಕೆ ನೀರಿಟ್ಟು, ಕಣ್ಣಿನ ಹನಿಯ ಬಾಟಲಿಯನ್ನು ಮೇಜಿನ ಮೇಲೆ ತೆಗೆದಿಟ್ಟಳು.